ಮೋಂಜಾ ವನದಲ್ಲಿ ಕಂಡ ಹಳೆಯ ಕಾರು

ಪ್ರವಾಸಕ್ಕೆ ಹೊರಟವರು ನೋಡಲೇಬೇಕೆಂದು ಪಟ್ಟಿ ಮಾಡಿಕೊಂಡ ಸ್ಥಳಗಳು ಒಮ್ಮೊಮ್ಮೆ ಬೇಗನೆ ಮರೆತುಹೋಗುತ್ತವೆ. ಪಟ್ಟಿಯಲ್ಲಿಲ್ಲದ ಒಂದು ಓಣಿ, ಒಂದು ಕೆಲಸದ ಮನೆ, ಅಪರಿಚಿತರೊಬ್ಬರ ಒಂದು ಮಾತು ಬಹುಕಾಲ ಮನಸ್ಸಿನಲ್ಲಿ ನಿಲ್ಲುತ್ತದೆ. 2023ರ ವಸಂತದಲ್ಲಿ ನಾವು ದಂಪತಿಗಳು ಇಟಲಿಯ ಮಿಲಾನ್ ನಗರದಲ್ಲಿ ಉದ್ಯೋಗದಲ್ಲಿರುವ ಮಗನ ಮನೆಯಲ್ಲಿ ಒಂದು ತಿಂಗಳು ತಂಗಿದ್ದೆವು. ಅಮೃತಶಿಲೆಯ ಕೆಥೆಡ್ರಲನ್ನು ಕಂಡೆವು. ಲಿಯೊನಾರ್ಡೊ ಡ ವಿಂಚಿಯ ‘ಕೊನೆಯ ಭೋಜನ’ದ ಮುಂದೆ ನಿಯಮದಂತೆ ಹದಿನೈದು ನಿಮಿಷ ನಿಂತೆವು. ಅವುಗಳನ್ನು ಕುರಿತು ಬರೆದವರು ಬಹಳ ಜನರಿದ್ದಾರೆ. ನಾನಿಲ್ಲಿ ಹೇಳಹೊರಟಿರುವುದು ಒಂದು ಹಳೆಯ ಕಾರಿನ ಸಂಗತಿ.

ಇಟಲಿಯ ಕಾರುಗಳು ನಮ್ಮ ಹಿರಿಯ ಓದುಗರಿಗೆ ಅಪರಿಚಿತವಲ್ಲ. ಮುಂಬಯಿಯಲ್ಲಿ ತಯಾರಾಗಿ, ಮುಂದೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆದು, ನಮ್ಮ ಊರುಗಳ ಮದುವೆ ದಿಬ್ಬಣಗಳಲ್ಲಿ ಹೂವಿನ ಹಾರ ಹೊತ್ತು ನಿಲ್ಲುತ್ತಿದ್ದ ಕಾರು ಮೂಲದಲ್ಲಿ ಇಟಲಿಯ ಫಿಯೆಟ್ 1100. ನಮ್ಮ ಮನೆಯಲ್ಲಿಯೂ ತಂದೆಯವರು ಕೊಂಡ ಅಂಥದೊಂದು ಫಿಯೆಟ್ ಇತ್ತು. ಅವರು ಲಿಂಗೈಕ್ಯರಾದ ಮೇಲೆ ಅದರ ಒಂದು ತಿರುಪನ್ನೂ ಬದಲಿಸಬಾರದೆಂದು ನಾನು ಹಟ ಹಿಡಿದಿದ್ದೆ. ತೊಳೆದು, ಒರೆಸಿ, ಹೊಳಪು ಕೊಡುವುದನ್ನೇ ರಕ್ಷಣೆಯೆಂದು ಭಾವಿಸಿದ್ದೆ. 1994ರಲ್ಲಿ ಒಂದು ದಿನ ಕುಟುಂಬಸಮೇತ ಆಗುಂಬೆ ಘಾಟಿಯನ್ನು ಇಳಿಯುತ್ತಿರುವಾಗ ಬ್ರೇಕಿನ ಪೆಡಲು ಕಾಲಿನಡಿಯಲ್ಲಿ ಮೆತ್ತಗೆ ಕುಸಿದುಹೋಯಿತು. ಗೇರನ್ನು ಕೆಳಗಿಳಿಸಿ, ಕೈಬ್ರೇಕು ಎಳೆದು, ಗುಡ್ಡದ ಮಣ್ಣಿಗೆ ಕಾರಿನ ಪಕ್ಕೆಯನ್ನು ಒರೆಸಿ ಹೇಗೋ ನಿಲ್ಲಿಸಿದೆ. ಯಾರಿಗೂ ಗಾಯವಾಗಲಿಲ್ಲ. ಆದರೆ ಹಿಂದಿನ ಆಸನದಲ್ಲಿ ಐದು ವರ್ಷದ ಮಗನನ್ನು ಅಪ್ಪಿಕೊಂಡು ಕುಳಿತಿದ್ದ ನನ್ನ ಶ್ರೀಮತಿಯ ಮುಖವನ್ನು ನಾನು ಮರೆತಿಲ್ಲ. ಮರುತಿಂಗಳೇ ಕಾರನ್ನು ಮಾರಿಬಿಟ್ಟೆ. ಅಂದು ನಡೆದ ತಪ್ಪೇನೆಂಬುದು ನನಗೆ ಸರಿಯಾಗಿ ತಿಳಿದದ್ದು ಸುಮಾರು ಮೂವತ್ತು ವರ್ಷಗಳ ನಂತರ, ಮಿಲಾನ್ ಪ್ರಾಂತದ ಒಂದು ಸಣ್ಣ ಗ್ಯಾರೇಜಿನಲ್ಲಿ.

ಆರೇಸೆಯ ಸಂಗ್ರಹಾಲಯ

ಮಿಲಾನ್ ನಗರದ ವಾಯವ್ಯಕ್ಕೆ ಆರೇಸೆ ಎಂಬ ಊರಿದೆ. ಆಲ್ಫಾ ರೋಮಿಯೋ ಕಾರುಗಳ ದೊಡ್ಡ ಕಾರ್ಖಾನೆ ಇಲ್ಲಿತ್ತು. 1910ರಲ್ಲಿ ಮಿಲಾನಿನ ಪೋರ್ತೆಲ್ಲೋ ಬಡಾವಣೆಯಲ್ಲಿ ‘ಆಲ್ಫಾ’ ಎಂಬ ಹೆಸರಿನಿಂದ ಆರಂಭವಾದ ಸಂಸ್ಥೆಯನ್ನು 1915ರಲ್ಲಿ ನಿಕೋಲಾ ರೋಮಿಯೋ ಎಂಬ ಇಂಜಿನಿಯರು ವಹಿಸಿಕೊಂಡರು. ಹೀಗೆ ಎರಡು ಹೆಸರುಗಳು ಒಂದಾದವು. ಕಾರಿನ ಮುಂಭಾಗದ ಲಾಂಛನದಲ್ಲಿ ಮಿಲಾನ್ ನಗರದ ಕೆಂಪು ಶಿಲುಬೆಯೂ ವಿಸ್ಕಾಂತಿ ಎಂಬ ಹಳೆಯ ರಾಜಮನೆತನದ ಸರ್ಪವೂ ಇವೆ. ಇಂದು ಆರೇಸೆಯಲ್ಲಿ ಕಾರುಗಳು ತಯಾರಾಗುವುದಿಲ್ಲ. 1976ರಲ್ಲಿ ಸ್ಥಾಪನೆಯಾಗಿ, ಕೆಲವು ವರ್ಷ ಮುಚ್ಚಿದ್ದು, 2015ರಲ್ಲಿ ಹೊಸ ರೂಪದಲ್ಲಿ ತೆರೆದ ಸಂಗ್ರಹಾಲಯ ಆ ನೆನಪನ್ನು ಕಾಯ್ದುಕೊಂಡಿದೆ.

ಅಲ್ಲಿ ಕೆಲವು ಕಾರುಗಳ ಮೈಮೇಲೆ ನಾಲ್ಕೆಲೆಯ ಹಸಿರು ಚಿಹ್ನೆಯೊಂದು ಕಾಣುತ್ತದೆ. ಊಗೋ ಸಿವೋಚ್ಚಿ ಎಂಬ ಚಾಲಕನು 1923ರಲ್ಲಿ ಸಿಸಿಲಿಯ ತಾರ್ಗಾ ಫ್ಲೋರಿಯೋ ಸ್ಪರ್ಧೆಯಲ್ಲಿ ಈ ಚಿಹ್ನೆಯನ್ನು ಬರೆಸಿಕೊಂಡು ಗೆದ್ದನು. ಅದೇ ವರ್ಷ ಮೋಂಜಾದಲ್ಲಿ ಹೊಸ ಕಾರೊಂದನ್ನು ಪರೀಕ್ಷಿಸುವಾಗ ಅಪಘಾತದಲ್ಲಿ ಮಡಿದನು. ಆ ಕಾರಿಗೆ ಇನ್ನೂ ಚಿಹ್ನೆ ಬರೆದಿರಲಿಲ್ಲವಂತೆ. ಅಂದಿನಿಂದ ಸಂಸ್ಥೆಯ ಸ್ಪರ್ಧೆಯ ಕಾರುಗಳಿಗೆ ಅದು ಉಳಿದುಬಂತು.

ನಮ್ಮ ಕಥೆಗೆ ಸಂಬಂಧಿಸಿದ ಕಾರು ಇಲ್ಲಿಯ ಇನ್ನೊಂದು ಸಾಲಿನಲ್ಲಿತ್ತು. 1963ರಲ್ಲಿ ಹೊರಬಂದ ಜೂಲಿಯಾ ಸ್ಪ್ರಿಂಟ್ ಜಿಟಿ ಎಂಬ ಎರಡು ಬಾಗಿಲಿನ ಈ ಕಾರಿಗೆ ಬೆರ್ತೋನೆ ಸಂಸ್ಥೆಯಲ್ಲಿ ರೂಪ ಕೊಟ್ಟವರು ಆಗಿನ್ನೂ ಇಪ್ಪತ್ತೈದರ ಆಸುಪಾಸಿನ ತರುಣರಾಗಿದ್ದ ಜೋರ್ಜೆತ್ತೋ ಜುಜಾರೋ. 1570 ಸಿ.ಸಿ. ಇಂಜಿನ್, 106 ಅಶ್ವಶಕ್ತಿ, ಐದು ಗೇರು, ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕು: ಆ ಕಾಲಕ್ಕೆ ಇದು ದೊಡ್ಡ ಮಾತು. ಇದನ್ನೇ ಸ್ಪರ್ಧೆಗೆಂದು ಹಗುರಗೊಳಿಸಿ 1965ರಲ್ಲಿ ಜಿಟಿಎ ಎಂಬ ಕಾರನ್ನು ಮಾಡಿದರು. ಕೊನೆಯ ‘ಎ’ ಅಕ್ಷರಕ್ಕೆ ಇಟಲಿಯ ಭಾಷೆಯಲ್ಲಿ ‘ಹಗುರಗೊಳಿಸಿದ್ದು’ ಎಂದು ಅರ್ಥ. ಉಕ್ಕಿನ ಹೊರತಗಡುಗಳ ಬದಲು ಅಲ್ಯೂಮಿನಿಯಂ ತಗಡು ಹೊದಿಸಿ, ಇಂಜಿನಿನ ಕೆಲವು ಭಾಗಗಳನ್ನು ಮೆಗ್ನೀಸಿಯಂ ಮಿಶ್ರಲೋಹದಲ್ಲಿ ಎರಕ ಹೊಯ್ದು, ಸುಮಾರು 950 ಕಿಲೋ ತೂಗುತ್ತಿದ್ದುದನ್ನು ಸುಮಾರು 745 ಕಿಲೋಗೆ ಇಳಿಸಿದರು. ಒಂದೊಂದು ಸಿಲಿಂಡರಿಗೆ ಎರಡೆರಡು ಸ್ಪಾರ್ಕ್ ಪ್ಲಗ್ಗುಗಳನ್ನಿಟ್ಟರು. ಕಾರ್ಲೋ ಕೀಟಿ ಎಂಬ ಇಂಜಿನಿಯರರ ನೇತೃತ್ವದ ಆಟೋಡೆಲ್ಟಾ ವಿಭಾಗ ಇದನ್ನು ಸಜ್ಜುಗೊಳಿಸಿತು. 1966 ಮತ್ತು 1967ರಲ್ಲಿ ಯುರೋಪಿನ ಟೂರಿಂಗ್ ಕಾರ್ ಚಾಂಪಿಯನ್ ಪಟ್ಟ ಇದರದಾಯಿತು.

ಗಾಜಿನಂತೆ ಹೊಳೆಯುತ್ತಿದ್ದ ಆ ಕಾರಿನ ಮುಂದೆ ನಾನು ಮೈಮರೆತು ನಿಂತಿದ್ದನ್ನು ಕಂಡು ಮಗನು, “ಅಪ್ಪಾಜಿ, ಇದೇ ಜಾತಿಯ ಕಾರು ಓಡುವುದನ್ನು ನೋಡುವಿರಾ? ನಮ್ಮ ಆಫೀಸಿನವರೊಬ್ಬರ ಮನೆಯಲ್ಲಿ ಒಂದಿದೆ. ಈಗ ಗ್ಯಾರೇಜಿನಲ್ಲಿದೆ,” ಎಂದನು. ಮರುದಿನ ಸಂಜೆ ಹೊರಟೆವು.

ಗ್ಯಾರೇಜಿನ ಒಂದು ಸಂಜೆ

ಊರಿನ ಅಂಚಿನಲ್ಲಿ, ಎರಡು ಮನೆಗಳ ನಡುವಿನ ಅಂಗಳದಾಚೆ ಆ ಗ್ಯಾರೇಜು. ಎಪ್ಪತ್ತು ದಾಟಿದ ಮೇಸ್ತ್ರಿ, ಇಬ್ಬರು ಸಹಾಯಕರು. ನೆಲ ನಮ್ಮ ಅಡುಗೆಮನೆಯಷ್ಟು ಶುದ್ಧ. ಗೋಡೆಯ ಮೇಲೆ ಪಾನಾಗಳು ಅಳತೆಯ ಕ್ರಮದಲ್ಲಿ ತೂಗಿದ್ದವು. ನಡುವೆ ಎತ್ತರಿಸಿದ ಕಟ್ಟೆಯ ಮೇಲೆ 1965ರಲ್ಲಿ ಕೊಂಡ ಸ್ಪ್ರಿಂಟ್ ಜಿಟಿ. ಇದು ಅಲ್ಯೂಮಿನಿಯಂ ಹೊದಿಕೆಯ ಅಪರೂಪದ ಜಿಟಿಎ ಅಲ್ಲ. ಉಕ್ಕಿನ ತಗಡಿನ ಸಾಮಾನ್ಯ ಕಾರು. ಒಡತಿ ಮಗನ ಸಹೋದ್ಯೋಗಿ, ಐವತ್ತರ ಆಸುಪಾಸಿನ ಗೃಹಿಣಿ. ಆಕೆಯ ತಂದೆ ಅದನ್ನು ಕೊಂಡು, ವಾರವೆಲ್ಲ ಕೆಲಸಕ್ಕೆ ಓಡಿಸಿ, ಭಾನುವಾರ ಬೆಟ್ಟದ ರಸ್ತೆಯ ಸ್ಪರ್ಧೆಗಳಿಗೆ ಒಯ್ಯುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಕಾರು ಬಹಳ ವರ್ಷ ಕೊಟ್ಟಿಗೆಯಲ್ಲಿ ನಿಂತಿತ್ತು. ಈಗ ಇಪ್ಪತ್ಮೂರು ವರ್ಷದ ಮೊಮ್ಮಗನಿಗೆ ಅದನ್ನು ಮೋಂಜಾದ ಪಥದಲ್ಲಿ ಓಡಿಸುವ ಆಸೆ.

ಹಳೆಯ ಕಾರುಗಳ ಸ್ಪರ್ಧೆಗೆ ಎಫ್.ಐ.ಎ. ಎಂಬ ಅಂತಾರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ನಿಯಮಾವಳಿಯನ್ನು ಮಾಡಿದೆ. ಅದರ ತತ್ತ್ವ ಸರಳ: ಆ ಮಾದರಿಗೆ ಅದರ ಕಾಲದಲ್ಲಿ ಸ್ಪರ್ಧೆಯಲ್ಲಿ ಯಾವ ಮಾರ್ಪಾಡುಗಳಿದ್ದುವೆಂದು ದಾಖಲೆ ಇದೆಯೋ ಅವನ್ನು ಮಾತ್ರ ಮಾಡಬಹುದು. ಇದಕ್ಕೆ ಹೊರತು ಚಾಲಕನ ಪ್ರಾಣರಕ್ಷಣೆಯ ಸಾಧನಗಳು; ಅವು ಇಂದಿನ ಕಾಲದವೇ ಇರಬೇಕು. ಕಾರಿನ ಅಂಗಾಂಗಗಳ ವಿವರವನ್ನು ದಾಖಲಿಸಿದ ಒಂದು ಪುಸ್ತಿಕೆ ಅದರ ಜೊತೆಗಿರುತ್ತದೆ. ಮನುಷ್ಯರಿಗೆ ಪಾಸ್‌ಪೋರ್ಟ್ ಇದ್ದಂತೆ.

ಮೇಸ್ತ್ರಿ ತಮ್ಮ ಕೆಲಸವನ್ನು ವಿವರಿಸಿದರು. ಮಗ ಕನ್ನಡದಲ್ಲಿ ತಿಳಿಸುತ್ತ ಹೋದನು. ಮೊದಲು ಕಾರನ್ನು ಪೂರ್ತಿ ಬಿಚ್ಚಿ, ಬಾಗಿಲ ಕೆಳಗಿನ ಅಡ್ಡಪಟ್ಟಿಗಳಲ್ಲಿಯೂ ನೆಲದ ತಗಡಿನಲ್ಲಿಯೂ ತುಕ್ಕು ತಿಂದ ಭಾಗವನ್ನು ಕತ್ತರಿಸಿ ಹೊಸ ಉಕ್ಕನ್ನು ಬೆಸುಗೆ ಹಾಕಿದ್ದರು. ತಳಹದಿ ಗಟ್ಟಿಯಾಗದೆ ಮೇಲಿನ ಯಾವ ಸುಧಾರಣೆಯೂ ವ್ಯರ್ಥ. ಬಳಿಕ ಮುಂದಿನ ಸ್ಪ್ರಿಂಗುಗಳನ್ನು ಗಿಡ್ಡವೂ ಬಿಗಿಯೂ ಆದವುಗಳಿಂದ ಬದಲಿಸಿ, ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಅಡ್ಡಸರಳನ್ನು ದಪ್ಪದ್ದಾಗಿ ಹಾಕಿದ್ದರು. ಚಕ್ರಗಳ ಮೇಲ್ತುದಿ ಸ್ವಲ್ಪ ಒಳಕ್ಕೆ ಬಾಗುವಂತೆ ಹೊಂದಿಸಿದ್ದರು. ತಿರುವಿನಲ್ಲಿ ಕಾರು ಹೊರಮಗ್ಗುಲಿಗೆ ಒರಗಿದಾಗ ಟೈರಿನ ಪೂರ್ತಿ ಅಗಲ ನೆಲಕ್ಕೆ ಕೂಡುವುದು ಆಗಲೇ. ಹಿಂದಿನ ಆಸನ, ನೆಲಹಾಸು, ಸದ್ದು ತಡೆಯುವ ಡಾಂಬರಿನ ಹಾಳೆ ಎಲ್ಲವನ್ನೂ ತೆಗೆದಿದ್ದರು. ತೂಕ ಇಳಿದರೆ ಓಟ ಹೆಚ್ಚುತ್ತದೆ, ಬ್ರೇಕಿನ ಶ್ರಮವೂ ಕಡಿಮೆಯಾಗುತ್ತದೆ.

ಇಂಜಿನ್ ಮೇಜಿನ ಮೇಲಿತ್ತು. ಅಲ್ಯೂಮಿನಿಯಂ ಒಡಲೊಳಗೆ ಎರಕದ ಕಬ್ಬಿಣದ ನಾಲ್ಕು ಕೊಳವೆಗಳನ್ನು ಕೂರಿಸಿ, ಅವುಗಳ ಸುತ್ತ ನೀರು ಹರಿಯುವಂತೆ ಮಾಡಿದ ರಚನೆ. ಆ ಕೊಳವೆಗಳ ತುದಿ ಒಡಲಿನ ಮೇಲ್ಮೈಯಿಂದ ಕೂದಲೆಳೆಯಷ್ಟು ಮಾತ್ರ ಮೇಲೆದ್ದಿರಬೇಕು. ನಾಲ್ಕೂ ಸಮನಾಗಿರದಿದ್ದರೆ ಗ್ಯಾಸ್ಕೆಟ್ ಸುಟ್ಟುಹೋಗುತ್ತದೆ. ಮೇಸ್ತ್ರಿ ಮಿಲಿಮೀಟರಿನ ನೂರನೆಯ ಭಾಗ ತೋರಿಸುವ ಗಡಿಯಾರದಂಥ ಅಳತೆಯ ಸಾಧನವನ್ನು ಒಂದೊಂದರ ಮೇಲೂ ಇಟ್ಟು ತೋರಿಸಿದರು. ವಾಲ್ವಿನ ಅಂತರವನ್ನು ತಿರುಪಿನಿಂದ ಸರಿಪಡಿಸುವಂತಿಲ್ಲ. ಬೇರೆ ಬೇರೆ ದಪ್ಪದ ಸಣ್ಣ ಉಕ್ಕಿನ ಬಿಲ್ಲೆಗಳನ್ನು ಇಟ್ಟು ತೆಗೆದು ಹೊಂದಿಸಬೇಕು. ಎಂಟು ವಾಲ್ವುಗಳು, ಪ್ರತಿಯೊಂದಕ್ಕೂ ಆ ತಾಳ್ಮೆ ಬೇಕು. ರಸ್ತೆಯ ಕಾರಿನ ಪಾಲನೆಯನ್ನು ಕಿಲೋಮೀಟರಿನಲ್ಲಿ ಎಣಿಸುತ್ತಾರೆ. ಸ್ಪರ್ಧೆಯ ಇಂಜಿನಿನದನ್ನು ಓಡಿದ ಗಂಟೆಗಳಲ್ಲಿ.

ಆಗ ಮೇಸ್ತ್ರಿ ಕಪಾಟಿನಿಂದ ಎರಡು ವಸ್ತುಗಳನ್ನು ತಂದು ನನ್ನ ಕೈಯಲ್ಲಿಟ್ಟರು. ಒಂದು, ಮುಂದಿನ ಚಕ್ರವನ್ನು ಹೊರಳಿಸುವ ಸ್ಟಿಯರಿಂಗಿನ ಉಕ್ಕಿನ ತೋಳು. ಆ ತಂದೆಯ ಕಾಲದ್ದೇ. ಎಷ್ಟು ನೋಡಿದರೂ ದೋಷ ಕಾಣಲಿಲ್ಲ. ಅದಕ್ಕೆ ಕೆಂಪು ದ್ರವ ಸವರಿ, ಒರೆಸಿ, ಬಿಳಿಯ ಪುಡಿ ಸಿಂಪಡಿಸಿದರು. ಸ್ವಲ್ಪ ಹೊತ್ತಿನಲ್ಲಿ ಬಿಳುಪಿನ ನಡುವೆ ಕುಂಕುಮದ ಗೆರೆಯಂತೆ ಒಂದು ಬಿರುಕು ಮೂಡಿತು. “ಇದನ್ನು ಹಾಗೆಯೇ ಬಿಟ್ಟಿದ್ದರೆ ಒಂದು ದಿನ ವೇಗದಲ್ಲಿ ಮುರಿಯುತ್ತಿತ್ತು. ಕಣ್ಣಿಗೆ ಚೆನ್ನಾಗಿರುವುದು ಬೇರೆ, ಚೆನ್ನಾಗಿರುವುದು ಬೇರೆ,” ಎಂದರು.

ಎರಡನೆಯದು ಒಂದು ಸೀಸೆಯಲ್ಲಿದ್ದ ಕಂದುಬಣ್ಣದ ಬ್ರೇಕ್ ಎಣ್ಣೆ; ಕೊಟ್ಟಿಗೆಯಿಂದ ಬಂದಾಗ ಕಾರಿನಲ್ಲಿ ಇದ್ದದ್ದು. ಈ ದ್ರವ ಗಾಳಿಯಲ್ಲಿನ ತೇವವನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ. ನೀರು ಸೇರಿದಷ್ಟೂ ಅದು ಕುದಿಯುವ ಉಷ್ಣತೆ ಇಳಿಯುತ್ತದೆ. ಬ್ರೇಕನ್ನು ಮತ್ತೆ ಮತ್ತೆ ಒತ್ತಿದಾಗ ಕಾವೇರಿ ಒಳಗೆ ಆವಿಯ ಗುಳ್ಳೆಗಳೇಳುತ್ತವೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಒತ್ತಡವನ್ನು ಚಕ್ರಕ್ಕೆ ತಲುಪಿಸುತ್ತದೆ; ಆವಿ ಕುಗ್ಗುತ್ತದೆ. ಆಗ ಪೆಡಲು ಮೆತ್ತಗೆ ಕೆಳಗಿಳಿಯುತ್ತದೆ, ಕಾರು ನಿಲ್ಲುವುದಿಲ್ಲ.

ನಾನು ಮಾತಿಲ್ಲದೆ ನಿಂತೆ. ನನ್ನ ಶ್ರೀಮತಿ ಮೆಲ್ಲನೆ, “ಘಾಟಿಯಲ್ಲಿ ಆದದ್ದು ಇದೇ ಅಲ್ಲವೇ?” ಎಂದಳು. ತಂದೆಯವರ ಕಾರಿನಲ್ಲಿ ಆ ದ್ರವವನ್ನು ನಾನು ಒಮ್ಮೆಯೂ ಬದಲಿಸಿರಲಿಲ್ಲ. ಹೊರಗೆ ಹೊಳಪು ಕೊಟ್ಟ ಕೈ ಒಳಗೆ ಏನಿದೆಯೆಂದು ನೋಡಿರಲಿಲ್ಲ.

ಕತ್ತರಿಸಬೇಕೇ, ಬೇಡವೇ?

ಅಂದು ಆ ಗ್ಯಾರೇಜಿನಲ್ಲಿ ಇತ್ಯರ್ಥವಾಗದೆ ಉಳಿದಿದ್ದ ಪ್ರಶ್ನೆ ಒಂದೇ. ಕಾರು ಮಗುಚಿದರೆ ಚಾಲಕನನ್ನು ಕಾಯಲು ಒಳಗೆ ಉಕ್ಕಿನ ಕೊಳವೆಗಳ ಪಂಜರವನ್ನು ಅಳವಡಿಸಬೇಕು. ಅದಕ್ಕೆ ರೋಲ್ ಕೇಜ್ ಎಂದು ಹೆಸರು. ಅದರ ಮುಂಗಾಲುಗಳು ಡ್ಯಾಶ್‌ಬೋರ್ಡಿನ ಬಳಿಯೇ ಇಳಿಯುತ್ತವೆ. ಸರಿಯಾಗಿ ಕೂರಬೇಕಾದರೆ ಆ ಹಲಗೆಯ ಎರಡೂ ತುದಿಗಳನ್ನು ಕತ್ತರಿಸಬೇಕೆಂದು ಮೇಸ್ತ್ರಿ ಹೇಳಿದ್ದರು. ತಂದೆಯ ಕೈ ಸವರಿ ನುಣುಪಾದ ಹಲಗೆ ಅದು. ಅದರ ಅಂಚಿನಲ್ಲಿ ಬಾಲ್ಯದಲ್ಲಿ ತಾನೇ ಮೊಳೆಯಿಂದ ಗೀಚಿದ ತನ್ನ ಹೆಸರಿನ ಮೊದಲಕ್ಷರವನ್ನು ಆ ತಾಯಿ ನಮಗೆ ತೋರಿಸಿದಳು. ಮೂರು ವಾರಗಳಿಂದ ಆಕೆ ಒಪ್ಪಿಗೆ ಕೊಟ್ಟಿರಲಿಲ್ಲ. ಪಂಜರವಿಲ್ಲದೆ ಕಾರನ್ನು ಅಂಗಳದಿಂದ ಹೊರಗೆ ಬಿಡುವುದಿಲ್ಲವೆಂದು ಮೇಸ್ತ್ರಿಯೂ ಪಟ್ಟು ಹಿಡಿದಿದ್ದರು.

ನನ್ನ ಶ್ರೀಮತಿ ಇಟಲಿಯ ಭಾಷೆ ಅರಿಯಳು. ಆದರೂ ಮಗನ ಮೂಲಕ ಆಕೆಗೆ ಆಗುಂಬೆಯ ಘಟನೆಯನ್ನು ಹೇಳಿದಳು. ಹಿಂದಿನ ಆಸನದಲ್ಲಿ ಮಗುವನ್ನು ಹೇಗೆ ಹಿಡಿದುಕೊಂಡಿದ್ದೆನೆಂದು ತೋಳುಗಳಿಂದ ತೋರಿಸಿದಳು. ಆ ಮಗುವೇ ಈಗ ನಡುವೆ ನಿಂತು ಮಾತನ್ನು ಅನುವಾದಿಸುತ್ತಿದ್ದನು. ಆಕೆ ಬಹಳ ಹೊತ್ತು ಏನನ್ನೂ ಹೇಳಲಿಲ್ಲ.

ಆಮೇಲೆ ಮೇಸ್ತ್ರಿ ಒಂದು ಮಾತು ಹೇಳಿದರು. ಯಾವ ಮಾರ್ಪಾಡನ್ನು ಮಾಡುವ ಮೊದಲೂ ತಾವು ಕೇಳಿಕೊಳ್ಳುವ ಪ್ರಶ್ನೆ, ‘ಇದನ್ನು ನಾಳೆ ಮತ್ತೆ ಮೊದಲಿನಂತೆ ಮಾಡಬಹುದೇ?’ ಎಂಬುದಂತೆ. ಸ್ಪ್ರಿಂಗು ಬದಲಿಸಿದರೆ ಹಳೆಯದನ್ನು ಮರಳಿ ಹಾಕಬಹುದು. ಕತ್ತರಿಸಿದ ಹಲಗೆಯನ್ನು ಕೂಡಿಸಲಾಗದು. ಆದ್ದರಿಂದ ಮೂಲ ಹಲಗೆಯನ್ನು ಇಡಿಯಾಗಿ ಬಿಚ್ಚಿ ಮನೆಗೆ ಒಯ್ಯಿರಿ. ಅದೇ ಆಕಾರದ ಹೊಸದೊಂದನ್ನು ಮಾಡಿಸಿ ಅದನ್ನು ಕತ್ತರಿಸೋಣ. ಪಂಜರವನ್ನೂ ಕಾರಿನ ಮೈಗೆ ಪೂರ್ತಿ ಬೆಸೆಯದೆ, ನೆಲಕ್ಕೆ ಬಲವಾದ ಉಕ್ಕಿನ ಫಲಕಗಳನ್ನು ಕೂಡಿಸಿ, ಅವುಗಳ ಮೇಲೆ ಬೋಲ್ಟುಗಳಿಂದ ಬಿಗಿಯೋಣ. ಖರ್ಚು ಹೆಚ್ಚು, ಆದರೂ ದಾರಿ ಇದೆ ಎಂದರು. ಆಕೆ ಒಪ್ಪಿದಳು. ನಾವು ಹೊರಡುವಾಗ ಸಹಾಯಕನೊಬ್ಬ ಆಗಲೇ ತಿರುಪುಗಳನ್ನು ಸಡಿಲಿಸುತ್ತಿದ್ದನು.

ಮೋಂಜಾದ ದಿನ

ನಾವು ಊರಿಗೆ ಮರಳುವ ನಾಲ್ಕು ದಿನ ಮೊದಲು ಹಳೆಯ ಕಾರುಗಳಿಗೆ ಮೀಸಲಾದ ಅಭ್ಯಾಸದ ದಿನಕ್ಕೆ ಆಹ್ವಾನ ಬಂತು. ಮೋಂಜಾ ಮಿಲಾನಿನಿಂದ ಈಶಾನ್ಯಕ್ಕೆ ಸುಮಾರು 15 ಕಿ.ಮೀ. ದೂರದ ಪ್ರಾಚೀನ ನಗರ. ಅಲ್ಲಿಯ ಮುಖ್ಯ ಚರ್ಚಿನಲ್ಲಿ ಲೊಂಬಾರ್ದಿಯ ಪ್ರಸಿದ್ಧ ಕಬ್ಬಿಣದ ಕಿರೀಟವಿದೆ. ನಗರದ ಉತ್ತರಕ್ಕೆ ಗೋಡೆಯಿಂದ ಸುತ್ತುವರಿದ ವಿಶಾಲವಾದ ರಾಜೋದ್ಯಾನ. ನೆಪೋಲಿಯನ್ನನ ಮಲಮಗನು ವೈಸರಾಯ್ ಆಗಿದ್ದಾಗ 1805ರಲ್ಲಿ ರೂಪುಗೊಂಡದ್ದು. ಓಕ್ ಮತ್ತಿತರ ಮರಗಳ ನೆರಳಿನಲ್ಲಿ ಮಕ್ಕಳು ಸೈಕಲ್ಲು ತುಳಿಯುತ್ತಾರೆ, ಮುದುಕರು ನಡೆದಾಡುತ್ತಾರೆ. ಅದೇ ವನದ ನಡುವೆ 1922ರಲ್ಲಿ ಕೇವಲ 110 ದಿನಗಳಲ್ಲಿ ಕಟ್ಟಿದ ಓಟದ ಪಥವಿದೆ. ಹಕ್ಕಿಯ ದನಿ ಕೇಳುತ್ತ ನಡೆಯುತ್ತಿರುವಾಗ ಮರಗಳ ಮರೆಯಿಂದ ಇಂಜಿನಿನ ಗರ್ಜನೆ ತೇಲಿಬಂದರೆ ಹೊಸಬರು ಬೆಚ್ಚುತ್ತಾರೆ.

ಇಂದಿನ ಪಥದ ಸುತ್ತಳತೆ 5.793 ಕಿ.ಮೀ. ಉದ್ದನೆಯ ನೇರದಾರಿಗಳು, ಅವುಗಳ ಕೊನೆಗೆ ಬಿಗಿಯಾದ ತಿರುವುಗಳು. ಹೀಗಾಗಿ ಬ್ರೇಕಿಗೆ ಇದು ಕಠಿಣ ಪರೀಕ್ಷೆ. ಲೆಸ್ಮೋ ತಿರುವುಗಳನ್ನು ದಾಟಿ ಬರುವ ದಾರಿ ಒಂದೆಡೆ ಹಳೆಯ ಕಾಂಕ್ರೀಟಿನ ಸೇತುವೆಯ ಕೆಳಗೆ ಹಾದುಹೋಗುತ್ತದೆ. ಅದು 1955ರಲ್ಲಿ ಕಟ್ಟಿದ, ಗೋಡೆಯಂತೆ ಓರೆಯಾಗಿ ಎದ್ದ ವೇಗಪಥದ ಭಾಗ. 1969ರ ನಂತರ ಅಲ್ಲಿ ಸರ್ಕ್ಯೂಟ್ ಓಟದ ಸ್ಪರ್ಧೆ ನಡೆದಿಲ್ಲ. ಆಚೆಯ ತಿರುವಿಗೆ ಆಸ್ಕಾರಿ ಎಂದು ಹೆಸರು. ಎರಡು ಸಲ ವಿಶ್ವ ಚಾಂಪಿಯನ್ ಆಗಿದ್ದ ಆಲ್ಬೆರ್ತೋ ಆಸ್ಕಾರಿ 1955ರಲ್ಲಿ ಅಲ್ಲಿಯೇ ಪ್ರಾಣ ಬಿಟ್ಟರು. 1961ರಲ್ಲಿ ಫಾನ್ ಟ್ರಿಪ್ಸ್ ಎಂಬ ಚಾಲಕನೊಡನೆ ಅನೇಕ ಪ್ರೇಕ್ಷಕರೂ ಈ ಪಥದಲ್ಲಿ ಮಡಿದರು. 1970ರಲ್ಲಿ ಯೋಖೆನ್ ರಿಂಟ್ ಕೊನೆಯ ತಿರುವಿನ ಬಳಿ ತೀರಿಕೊಂಡರು. ವೇಗ ತಗ್ಗಿಸಲು 1972ರಿಂದ ಅಡ್ಡತಿರುವುಗಳನ್ನು ಸೇರಿಸಿದರು. ಪಥವೂ ತನ್ನನ್ನು ತಿದ್ದಿಕೊಳ್ಳುತ್ತ ಬಂದಿದೆ. ತಿದ್ದಿಕೊಂಡದ್ದರಿಂದಲೇ ನೂರು ವರ್ಷ ದಾಟಿ ಉಳಿದಿದೆ.

ಬೆಳಗ್ಗೆ ಎಂಟಕ್ಕೆ ಮೇಸ್ತ್ರಿ ಕೆಲಸದಲ್ಲಿದ್ದರು. ಬಿಗಿದ ಪ್ರತಿ ಬೋಲ್ಟಿನ ಮೇಲೆ ಹಳದಿ ಬಣ್ಣದ ಒಂದು ಗೆರೆ. ಸಡಿಲವಾದರೆ ಗೆರೆ ಮುರಿದು ಕಾಣುತ್ತದೆ. ಟೈರಿನ ಗಾಳಿ, ಎಣ್ಣೆಯ ಮಟ್ಟ, ಬ್ರೇಕಿನ ಹೊಸ ದ್ರವ, ಬೆಂಕಿ ಆರಿಸುವ ಸಾಧನ, ಹೊರಗಿನಿಂದಲೇ ವಿದ್ಯುತ್ತನ್ನು ಕಡಿಯುವ ಸ್ವಿಚ್ಚು: ಒಂದೊಂದನ್ನೂ ಮುಟ್ಟಿ ನೋಡಿ ಪುಸ್ತಕದಲ್ಲಿ ಗುರುತು ಹಾಕಿದರು. ಹುಡುಗ ಶಿರಸ್ತ್ರಾಣ ಧರಿಸಿ, ಅಗಲವಾದ ಪಟ್ಟಿಗಳಿಂದ ತನ್ನನ್ನು ಬಿಗಿಸಿಕೊಂಡನು. ತಾಯಿ ಕಿಟಕಿಯೊಳಗೆ ಕೈಹಾಕಿ, ಮಗನನ್ನಲ್ಲ, ಉಕ್ಕಿನ ಕೊಳವೆಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಅಲುಗಾಡಿಸಿ ನೋಡಿದಳು. ಅದು ಕದಲಲಿಲ್ಲ.

ಎರಡು ಕಾರ್ಬುರೇಟರುಗಳ ಉಸಿರಾಟದ ಸದ್ದು ನೇರದಾರಿಯ ಕೊನೆಯವರೆಗೂ ಕೇಳುತ್ತಿತ್ತು. ಆಮೇಲೆ ಬ್ರೇಕು ಹಿಡಿದಾಗ ಒಂದು ಕ್ಷಣ ಮೌನ, ಕೆಳಗಿನ ಗೇರಿಗೆ ಇಳಿದ ಗದ್ದಲ, ಮತ್ತೆ ಮರಗಳ ಮರೆ. ತಾಯಿ ಗೋಡೆಯ ಬಳಿ ನಿಂತು ಸುತ್ತುಗಳನ್ನು ಬೆರಳಿನಲ್ಲಿ ಎಣಿಸುತ್ತಿದ್ದಳು. ಪಕ್ಕದಲ್ಲಿ ನನ್ನ ಶ್ರೀಮತಿ. ನಾಲ್ಕನೆಯ ಸುತ್ತಿನಲ್ಲಿ ಕಾರು ತಡವಾಯಿತು. ಇಬ್ಬರೂ ಮಾತು ನಿಲ್ಲಿಸಿದರು. ಕೊನೆಗೆ ಅದು ನಿಧಾನವಾಗಿ ಒಳದಾರಿಗೆ ಬಂದು ನಿಂತಿತು. ಎರಡನೆಯ ಗೇರಿಗೆ ಇಳಿಸುವಾಗ ಕರಕರ ಸದ್ದಾಯಿತು, ಒತ್ತಾಯ ಮಾಡಲಿಲ್ಲ, ಹಿಂತಿರುಗಿದೆ ಎಂದನು ಹುಡುಗ. ಆ ಗೇರು ಈ ಕಾರುಗಳ ಹಳೆಯ ದೌರ್ಬಲ್ಯವಂತೆ. ಮೇಸ್ತ್ರಿಯ ಮುಖದಲ್ಲಿ ಅಸಮಾಧಾನ ಕಾಣಲಿಲ್ಲ. ಹುಡುಗನ ಭುಜ ತಟ್ಟಿ, “ಸದ್ದು ಕೇಳಿಸಿಕೊಂಡೆಯಲ್ಲ, ಇನ್ನು ನೀನು ಓಡಿಸಬಹುದು,” ಎಂದರು. ಬಿಸಿಯಿದ್ದ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಬಣ್ಣ ನೋಡಿದರು. ತಿಳಿಗಂದು ಬಣ್ಣವಿದ್ದರೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಸರಿ. ಕಪ್ಪಾದರೆ ಪೆಟ್ರೋಲು ಹೆಚ್ಚು, ಬಿಳಿಚಿಕೊಂಡರೆ ಕಡಿಮೆ. ನಾಲ್ಕೂ ತಿಳಿಗಂದಾಗಿದ್ದವು. ಗೇರ್ ಪೆಟ್ಟಿಗೆಯನ್ನು ಬಿಚ್ಚಬೇಕೆಂದು ಪುಸ್ತಕದಲ್ಲಿ ಬರೆದು, ಅಂದಿನ ಓಟ ಮುಗಿಯಿತೆಂದರು.

ಮಧ್ಯಾಹ್ನ ಮರದ ನೆರಳಿನಲ್ಲಿ ಊಟ ಮಾಡುವಾಗ ನನ್ನ ಶ್ರೀಮತಿ, ಮಗನನ್ನು ಕಳಿಸಲು ಭಯವಾಗಲಿಲ್ಲವೇ ಎಂದು ಆಕೆಯನ್ನು ಕೇಳಿದಳು. “ಭಯವಿತ್ತು. ಈಗಲೂ ಇದೆ. ಅದಕ್ಕಾಗಿಯೇ ಎಲ್ಲವನ್ನೂ ಬಿಚ್ಚಿ ನೋಡಲು ಒಪ್ಪಿದೆ,” ಎಂದಳು ಆಕೆ. ಬಿರುಕುಬಿಟ್ಟ ಆ ಸ್ಟಿಯರಿಂಗ್ ತೋಳು ಈಗ ಆಕೆಯ ಮೇಜಿನ ಮೇಲೆ ಕಾಗದಗಳಿಗೆ ಭಾರವಾಗಿದೆ. ಡ್ಯಾಶ್‌ಬೋರ್ಡಿನ ಹಲಗೆ ಉಣ್ಣೆಯ ಬಟ್ಟೆಯಲ್ಲಿ ಸುತ್ತಿ ಮನೆಯ ಅಟ್ಟದ ಮೇಲಿದೆ. ತಂದೆಯ ಕಾರು ಮಾತ್ರ ಓಡುತ್ತಿದೆ.

ಹಿರಿಯರು ಬಿಟ್ಟುಹೋದ ವಸ್ತುಗಳ ವಿಷಯದಲ್ಲಿ ನಾವು ಎರಡು ಬಗೆಯ ತಪ್ಪು ಮಾಡುತ್ತೇವೆ. ಕೆಲವರು ಬೆಲೆಯರಿಯದೆ ಕತ್ತರಿಸಿ ಎಸೆಯುತ್ತಾರೆ. ಕೆಲವರು, ನನ್ನಂಥವರು, ಪ್ರೀತಿಯ ಹೆಸರಿನಲ್ಲಿ ಮುಟ್ಟದೆಯೇ ಕೆಡಿಸುತ್ತಾರೆ. ಯಾವುದು ಸವೆಯುವುದೋ ಅದನ್ನು ಕಾಲಕಾಲಕ್ಕೆ ಬದಲಿಸಬೇಕು, ಮರಳಿ ಪಡೆಯಲಾಗದ್ದನ್ನು ಜೋಪಾನ ಮಾಡಬೇಕು, ಇವೆರಡಕ್ಕೂ ಮೊದಲು ಅದರಲ್ಲಿ ಕುಳಿತವರ ಪ್ರಾಣವನ್ನು ನೆನೆಯಬೇಕು. ಆ ವೃದ್ಧ ಮೇಸ್ತ್ರಿಯಿಂದ ನಾನು ಕಲಿತದ್ದು ಇಷ್ಟು.

ಊರಿಗೆ ಬಂದ ವಾರವೇ ನಮ್ಮ ಈಗಿನ ಕಾರನ್ನು ಗ್ಯಾರೇಜಿಗೆ ಒಯ್ದು ಬ್ರೇಕಿನ ದ್ರವವನ್ನು ಬದಲಿಸಿದೆನು. ಹೊರಬಂದದ್ದು ಕಂದುಬಣ್ಣದ್ದೇ ಆಗಿತ್ತು. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕೆನ್ನುತ್ತಾರೆ. ಘಾಟಿಯ ದಾರಿಯಲ್ಲಿ ಮಕ್ಕಳುಮರಿಗಳೊಡನೆ ಯಾತ್ರೆಗೆ ಹೊರಡುವ ಓದುಗರು ಹೊರಡುವ ಮೊದಲು ತಮ್ಮ ವಾಹನದ ಆ ಸಣ್ಣ ಡಬ್ಬಿಯ ಮುಚ್ಚಳದತ್ತ ಒಮ್ಮೆ ಗಮನ ಕೊಡಬೇಕೆಂದು ವಿನಂತಿ.